ಚೈನಿಗೆ ಎಷ್ಟು ಸಡಿಲ, ಎಂಜಿನ್ನಿಗೆ ಎಷ್ಟು ಎಣ್ಣೆ

ಗಾಡಿಯನ್ನು ಚೆನ್ನಾಗಿ ನೋಡಿಕೊಳ್ಳುವ ಉತ್ಸಾಹದಲ್ಲೇ ಅದನ್ನು ಕೆಡಿಸುವವರು ಕಡಿಮೆಯಿಲ್ಲ. ಸದ್ದು ಬಂತೆಂದು ಚೈನನ್ನು ತಂಬೂರಿ ತಂತಿಯ ಹಾಗೆ ಬಿಗಿದುಬಿಡುತ್ತಾರೆ, ಇರಲಿ ಅಂತ ಎಣ್ಣೆಯನ್ನು ಗೆರೆ ದಾಟಿಸುತ್ತಾರೆ, ಪ್ಲಗ್ಗನ್ನು ಮೈಯಲ್ಲಿರುವ ಬಲವೆಲ್ಲ ಹಾಕಿ ತಿರುವುತ್ತಾರೆ. ಮನೆಯಲ್ಲಿ ಮಾಡಿಕೊಳ್ಳುವ ಕೆಲಸಗಳೇನೂ ಕಷ್ಟದವಲ್ಲ, ಎಲ್ಲಿ ಕೈ ನಿಲ್ಲಿಸಬೇಕೆಂದು ಗೊತ್ತಿರಬೇಕು ಅಷ್ಟೆ. ಇಲ್ಲಿನ ಅಳತೆಗಳು 100ರಿಂದ 150 ಸಿಸಿಯ ದಿನಬಳಕೆಯ ಬೈಕು, ಸ್ಕೂಟರುಗಳಿಗೆ ಹೊಂದುವಂಥವು. ನಿಮ್ಮ ಗಾಡಿಯ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ನಂಬಿ.

ಮೊದಲು ಗಾಳಿ. ಬೈಕಿನ ಮುಂದಿನ ಟೈರಿಗೆ ಸುಮಾರು 25 ಪಿಎಸ್‌ಐ, ಹಿಂದಕ್ಕೆ 28–29. ಹಿಂದೆ ಒಬ್ಬರು ಕೂರುವುದಿದ್ದರೆ ಇನ್ನೂ ಮೂರ್ನಾಲ್ಕು ಹೆಚ್ಚು. ಸ್ಕೂಟರಿನ ಮುಂದಿನ ಟೈರಿಗೆ ಸಾಮಾನ್ಯವಾಗಿ 22 ಸಾಕು. ಟೈರ್ ತಣ್ಣಗಿರುವಾಗಲೇ ನೋಡಿ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ತಾನಾಗಿ ಏರಿರುತ್ತದೆ, ಹೆಚ್ಚಾಯಿತೆಂದು ಆಗ ಬಿಟ್ಟರೆ ಬೆಳಿಗ್ಗೆಗೆ ಕಡಿಮೆಯಾಗುತ್ತದೆ. ವಾರವಾರವೂ ಗಾಳಿ ಇಳಿಯುತ್ತಿದ್ದರೆ ಪಂಕ್ಚರ್ ಹುಡುಕುವ ಮೊದಲು ವಾಲ್ವಿನ ಬಾಯಿಗೆ ಒಂದು ಹನಿ ಎಂಜಲು ಹಚ್ಚಿ ನೋಡಿ. ಗುಳ್ಳೆ ಎದ್ದರೆ ತಪ್ಪು ಟೈರಿನದಲ್ಲ, ಒಳಗಿನ ಪಿನ್ನಿನದು. ಟೈರ್ ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿ ಓಡಿಸಿದ್ದೀರಿ, ಎರಡು ಅಂಚೂ ಸವೆದಿದ್ದರೆ ಕಡಿಮೆಯಾಗಿ.

ಚೈನಿಗೆ ಅರ್ಧ ಗಂಟೆ ಕೊಡಬೇಕು. ಎಂಜಿನ್ ಆಫ್ ಮಾಡಿ, ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ. ಎಂಜಿನ್ ಚಾಲೂ ಇಟ್ಟು ಗೇರ್ ಹಾಕಿ ಬಟ್ಟೆ ಹಿಡಿಯುವುದು ಬೆರಳು ಕಳೆದುಕೊಳ್ಳುವ ದಾರಿ, ಬಟ್ಟೆಯ ಜೊತೆ ಕೈಯೂ ಸ್ಪ್ರಾಕೆಟ್ಟಿಗೆ (ಚೈನ್ ಕೂರುವ ಹಲ್ಲುಚಕ್ರಕ್ಕೆ) ಹೋಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಪೆಟ್ರೋಲ್ ಬೇಡ, ಓ-ರಿಂಗ್ ಇರುವ ಚೈನಿನ ರಬ್ಬರನ್ನು ಅದು ಹಾಳುಮಾಡುತ್ತದೆ. ಆಮೇಲೆ 90 ನಂಬರ್ ಗೇರ್ ಆಯಿಲ್ ಅಥವಾ ಚೈನ್ ಲೂಬನ್ನು ಕೆಳಗಿನ ಎಳೆಯ ಒಳಮೈಗೆ ಹಾಕಿ, ಚಕ್ರ ತಿರುಗುವಾಗ ಅದು ತಾನಾಗಿ ಹೊರಕ್ಕೆ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನು ಒರೆಸಿಬಿಡಿ. ತೊಟ್ಟಿಕ್ಕುವಷ್ಟು ಎಣ್ಣೆ ಹಾಕಿದರೆ ಧೂಳು ಅಂಟಿ ಉಪ್ಪುಕಾಗದದ ಹಾಗೆ ಚೈನನ್ನೇ ತಿನ್ನುತ್ತದೆ. ಇದನ್ನು 500 ಕಿಮೀಗೊಮ್ಮೆ ಮಾಡಿ, ಮಳೆಯಲ್ಲಿ ಓಡಿಸಿದ ಮೇಲೆ ಅದಕ್ಕೂ ಮುಂಚೆ.

ಇನ್ನು ಸಡಿಲ. ಕೆಳಗಿನ ಎಳೆಯ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ, ಒಟ್ಟು 20ರಿಂದ 30 ಮಿಮೀ ಆಡಬೇಕು. ಒಂದೇ ಕಡೆ ಅಳೆದು ಬಿಡಬೇಡಿ. ಚೈನ್ ಎಲ್ಲ ಕಡೆ ಸಮವಾಗಿ ಸವೆಯುವುದಿಲ್ಲ, ಆದ್ದರಿಂದ ಚಕ್ರ ತಿರುಗಿಸುತ್ತ ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲೇ ಅಳೆಯಿರಿ. ನೀವು ಕೂತು ಗುಂಡಿಗೆ ಇಳಿಸಿದಾಗ ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಸ್ವಿಂಗ್‌ಆರ್ಮ್ ಏರಿ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಹೆಚ್ಚುತ್ತದೆ. ಸಡಿಲವೇ ಇಲ್ಲದ ಚೈನ್ ಆಗ ಗೇರ್‌ಬಾಕ್ಸಿನ ಬೇರಿಂಗನ್ನು ಎಳೆಯುತ್ತದೆ. ಸ್ವಲ್ಪ ಸಡಿಲವಾದ ಚೈನ್ ಸದ್ದು ಮಾಡುತ್ತದೆ, ಬಿಗಿಯಾದದ್ದು ಸದ್ದಿಲ್ಲದೆ ಖರ್ಚು ತರುತ್ತದೆ. ಹೊಂದಿಸಲು ಆಕ್ಸೆಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರನ್ನು ಕಾಲು ಸುತ್ತಿನಂತೆ ಸಮನಾಗಿ ತಿರುಗಿಸಿ. ಸ್ವಿಂಗ್‌ಆರ್ಮ್ ಮೇಲಿನ ಗೆರೆಗಳು ಎರಡೂ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ನಟ್ ಬಿಗಿದ ಮೇಲೆ ಸಡಿಲವನ್ನು ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗಲೇ ಅದು ಬದಲಾಗುವುದುಂಟು. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಚಕ್ರ ಹಿಂದಕ್ಕೆ ಸರಿದಷ್ಟೂ ಬ್ರೇಕ್ ರಾಡ್ ಎಳೆದುಕೊಂಡಿರುತ್ತದೆ. ಪೆಡಲನ್ನು 20–30 ಮಿಮೀ ಖಾಲಿ ಆಟಕ್ಕೆ ತಂದು, ಚಕ್ರ ಸಲೀಸಾಗಿ ತಿರುಗುತ್ತದೆಯೇ, ಬ್ರೇಕ್ ಲೈಟ್ ಸರಿಯಾಗಿ ಹತ್ತಿ ಆರುತ್ತದೆಯೇ ನೋಡಿ. ಈ ಹೆಜ್ಜೆ ಮರೆತು ಡ್ರಮ್ ಕಾಯಿಸಿಕೊಂಡವರು ಬಹಳ.

ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಹೊಂದಿಸಿ ಫಲವಿಲ್ಲ. ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ. ಹಳೇ ಹಲ್ಲು ಹೊಸ ಚೈನನ್ನು ಬೇಗ ಸವೆಸುತ್ತದೆ.

ಎಂಜಿನ್ ಆಯಿಲ್ ನೋಡಲು ಕೆಲವು ನಿಮಿಷ ಓಡಿಸಿ, ಆಫ್ ಮಾಡಿ, ಡಬಲ್ ಸ್ಟ್ಯಾಂಡ್ ಹಾಕಿ ಮೂರ್ನಾಲ್ಕು ನಿಮಿಷ ಕಾಯಿರಿ. ಸೈಡ್ ಸ್ಟ್ಯಾಂಡಿನಲ್ಲಿ ಓರೆ ನಿಂತ ಗಾಡಿಯ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಮಟ್ಟ ಎರಡು ಗೆರೆಗಳ ನಡುವೆ ಇರಲಿ. ಮೇಲಾದ ಎಣ್ಣೆ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ಬಂದು ಹೊಗೆ ಶುರುವಾಗುತ್ತದೆ. ಬೈಕಿಗೆ ಡಬ್ಬಿಯ ಮೇಲೆ ಜಾಸೋ (ಜಪಾನಿನ ಎಣ್ಣೆ ಮಾನದಂಡ) ಎಂಎ ಅಥವಾ ಎಂಎ2 ಎಂದು ಬರೆದ ಎಣ್ಣೆಯನ್ನೇ ಹಾಕಿ. ಅದರ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ, ಜಾರಿಕೆ ಹೆಚ್ಚಿಸುವ ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರಬಹುದು. ಸ್ಕೂಟರಿನ ಕ್ಲಚ್ ಒಣದು, ಅದಕ್ಕೆ ಎಂಬಿ ನಡೆಯುತ್ತದೆ. ಎಣ್ಣೆ ಬದಲಿಸುವಾಗ ಬೈಕಿಗೆ ಸುಮಾರು ಒಂದು ಲೀಟರ್, ಸ್ಕೂಟರಿಗೆ 600ರಿಂದ 800 ಮಿಲಿ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಕೈಯಿಂದಲೇ ಕೆಲವು ಸುತ್ತು ತಿರುಗಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಥ್ರೆಡ್ ಇರುವುದು ಅಲ್ಯೂಮಿನಿಯಂನಲ್ಲಿ, ಒಮ್ಮೆ ಹರಿದರೆ ಸರಿಮಾಡುವುದು ದೊಡ್ಡ ಕೆಲಸ.

ಸ್ಕೂಟರಿಗೆ ಚೈನ್ ಇಲ್ಲವೆಂದು ನಿಶ್ಚಿಂತೆ ಬೇಡ. ಹಿಂದಿನ ಚಕ್ರದ ಪಕ್ಕದ ಗೇರ್‌ಬಾಕ್ಸಿನಲ್ಲಿ 100–120 ಮಿಲಿಯಷ್ಟು ಬೇರೆಯೇ ಎಣ್ಣೆ ಇರುತ್ತದೆ, ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟುವುದಿಲ್ಲ. ಹೊರಡುವಾಗ ಗಾಡಿ ನಡುಗಿದರೆ ಕ್ಲಚ್ ಶೂ ಮತ್ತು ಬೆಲ್ಟ್ ನೋಡಿಸಿ. ಬೆಲ್ಟಿನಲ್ಲಿ ಬಿರುಕು ಕಂಡರೆ ಕಿಲೋಮೀಟರ್ ಲೆಕ್ಕ ಹಾಕುತ್ತ ಕೂರಬೇಡಿ, ಬದಲಿಸಿ.

ಡಿಸ್ಕ್ ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ, ಮುಚ್ಚಳದ ಮೇಲೆ ಬರೆದ ಡಾಟ್ 3 ಅಥವಾ 4 ದರ್ಜೆಯ ಎಣ್ಣೆಯನ್ನೇ, ಸೀಲ್ ಒಡೆಯದ ಡಬ್ಬಿಯಿಂದ ಹಾಕಿಸಿ. ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಪ್ಲಗ್ಗಿನ ತುದಿ ಬಿಸ್ಕತ್ ಬಣ್ಣದಲ್ಲಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಮಸಿ ಹಿಡಿದಿದ್ದರೆ ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಎಣ್ಣೆ ಜಿಡ್ಡಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ. ಹಾಕುವಾಗ ಕೊನೆತನಕ ಕೈಯಲ್ಲೇ ತಿರುಗಿಸಿ, ಹೊಸ ಪ್ಲಗ್ಗಿಗೆ ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಾಕು.

ಬ್ಯಾಟರಿ ಟರ್ಮಿನಲ್ಲಿನ ಬಿಳಿ ಪುಡಿಯನ್ನು ಬಿಸಿನೀರು, ಸೋಡಾಪುಡಿಯಲ್ಲಿ ಉಜ್ಜಿ, ಒಣಗಿದ ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಅದು ಕೊನೆಗೆ. ಸೆಲ್ಫ್ ಎಳೆಯದಿದ್ದರೆ ಹೊಸ ಬ್ಯಾಟರಿ ತರುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, ಎಂಜಿನ್ ರೇಸ್ ಮಾಡಿದಾಗ ಅದು 13.5ರಿಂದ 14.5ಕ್ಕೆ ಏರಬೇಕು. ಏರದಿದ್ದರೆ ದೋಷ ಚಾರ್ಜಿಂಗ್ ಕಡೆ ಇದೆ, ಹೊಸ ಬ್ಯಾಟರಿ ಹಾಕಿದರೂ ಅದು ಬೇಗನೆ ಇಳಿದುಹೋಗುತ್ತದೆ.