ಹೆಣ್ಣುನಾಯಿ ಇರುವ ಮನೆಗೆ ಇನ್ನೊಂದು ಹೆಣ್ಣು: ಮೂರನೇ ಸಲಕ್ಕೆ ಒಗ್ಗಿದ ಕ್ರಮ

ಒಂದೇ ಅಂಗಳದಲ್ಲಿ ಎರಡು ಹೆಣ್ಣುನಾಯಿ ಬಾಳುವುದಿಲ್ಲ, ಒಂದನ್ನು ಯಾವಾಗಲೂ ಕಟ್ಟಿಯೇ ಹಾಕಬೇಕು ಎಂದು ನಮ್ಮ ಕಾಸರಗೋಡಿನ ಪೆರ್ಲದಿಂದ ಮುಳ್ಳೇರಿಯದವರೆಗೆ ನಾಯಿ ಸಾಕಿದವರೆಲ್ಲ ಹೇಳಿದ್ದರು. ನಮ್ಮಲ್ಲಿ ಎರಡು ಹೆಣ್ಣು ಒಟ್ಟಿಗಿದ್ದು ಈಗ 14 ತಿಂಗಳಾಯಿತು. ಐದು ವರ್ಷದ ಹಳೆಯದೂ ಆಮೇಲೆ ಬಂದದ್ದೂ ರಾತ್ರಿ ಒಟ್ಟಿಗೆ ತೋಟ ಸುತ್ತುತ್ತವೆ, ಎರಡಕ್ಕೂ ಸಂಕಲೆ ಇಲ್ಲ. ಎರಡೂ ಊರ ತಳಿಯೇ.

ಮೊದಲ ಸಲ ಕೆಟ್ಟದ್ದು ಆಪರೇಶನಿನ ಸಮಯದಿಂದ. ಬೆದೆ ಮುಗಿದು ಐದು ವಾರಕ್ಕೇ ಹಳೆಯದರ ಗರ್ಭಕೋಶ ತೆಗೆಸಿದ್ದು ತಪ್ಪು. ಆ ಹೊತ್ತಿಗೆ ಮೈಯಲ್ಲಿ ಗರ್ಭದ ಹಾರ್ಮೋನು ತುಂಬಿರುತ್ತದೆ. ಅಂಡಾಶಯ ತೆಗೆದ ಕೂಡಲೇ ಅದು ಒಮ್ಮೆಲೇ ಇಳಿದು, ಹೆತ್ತ ನಾಯಿಯ ಹಾಗೆ ಮೊಲೆಯಲ್ಲಿ ಹಾಲು ಬರುತ್ತದೆ. ಹಳೆ ಚಪ್ಪಲಿಯನ್ನು ಮರಿಯೆಂದು ಕಾಯುತ್ತದೆ, ಹತ್ತಿರ ಹೋದವರಿಗೆ ಗುರ್ರೆನ್ನುತ್ತದೆ. ಅಂಥ ನಾಯಿಯ ಮುಂದೆ ಹೊಸದನ್ನು ಕಾರಿನಿಂದ ಇಳಿಸಿದರೆ ಏನಾಗಬೇಕೋ ಅದೇ ಆಯಿತು. ಹೊಸದರ ಕಿವಿ ಸೀಳಿತು, ಹೊಲಿಗೆ ಮತ್ತು ಮದ್ದಿಗೆ ಸುಮಾರು 1,800 ರೂಪಾಯಿ. ಅದನ್ನು ಕೊಟ್ಟವರಿಗೇ ಮರಳಿಸಬೇಕಾಯಿತು. ಬೆದೆ ಕಳೆದು ಎರಡೂವರೆ, ಮೂರು ತಿಂಗಳು ಕಾದು ಆಪರೇಶನ್, ಅದಾಗಿ ಕನಿಷ್ಠ ಮೂರು ವಾರ ಬಿಟ್ಟು ಹೊಸ ನಾಯಿ. ಈ ಲೆಕ್ಕ ತಪ್ಪಿಸಬೇಡಿ.

ಎರಡನೇ ಸಲ ಸುರಿಮಳೆಯ ಆಟಿ ತಿಂಗಳು, ಎಂಟು ವಾರದ ಮರಿ, ಚುಚ್ಚುಮದ್ದು ಒಂದೇ ಆಗಿತ್ತು. ಪಾರ್ವೋ (ಮರಿಗಳನ್ನು ಕೊಲ್ಲುವ ಭೇದಿಯ ವೈರಸ್ಸು) ಹಿಡಿದು ನಾಲ್ಕನೇ ದಿನ ಹೋಯಿತು. ಡ್ರಿಪ್ಪಿಗೆ ಹೋದದ್ದು 6,000ದ ಹತ್ತಿರ. ಆ ದುಃಖ ಇವತ್ತಿಗೂ ಇದೆ. ನಮ್ಮ ಕಡೆ ಮಳೆಗಾಲ ಈ ಕೆಲಸಕ್ಕೆ ಆಗದು. ಎರಡನ್ನೂ ನಡೆಸಲು ಒಣ ಜಾಗವಿಲ್ಲ, ಎಲ್ಲವೂ ಜಗಲಿಯಲ್ಲೇ ಒತ್ತಿಕೊಳ್ಳುತ್ತವೆ. ತೋಟದಲ್ಲಿ ಇಲಿಜ್ವರದ ಭಯ, ಅಂಗಳದಲ್ಲಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮು, ಅದರ ಸುಣ್ಣ, ಮೈಲುತುತ್ತು. ದೀಪಾವಳಿ ಕಳೆದು ಗದ್ದೆ ಕೊಯ್ದ ಮೇಲೆ ಶುರುಮಾಡಿ.

ಪಾರ್ವೋ ಬಂದ ಜಾಗಕ್ಕೆ ಫಿನಾಯಿಲ್ ಸಾಲದು. ಮೊದಲು ಸಾಬೂನು ಹಾಕಿ ಉಜ್ಜಿ ತೊಳೆದು, ಆಮೇಲೆ ಲೀಟರು ನೀರಿಗೆ ಸುಮಾರು 10 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಕೊಳೆ ಇದ್ದಲ್ಲಿ ಬ್ಲೀಚು ಕೆಲಸ ಮಾಡದು. ಡಬ್ಬಿ ತೆರೆದು ತಿಂಗಳಾದ ಪೌಡರಿಗೂ ಬಲ ಇರದು. ಸೆಗಣಿ ಸಾರಿಸಿದ ನೆಲ ಈ ರೀತಿ ಶುದ್ಧವಾಗುವುದಿಲ್ಲ, ಸಿಮೆಂಟು ನೆಲವೇ ಬೇಕು. ನೆರಳಿನ ಮಣ್ಣಲ್ಲಿ ಆ ವೈರಸ್ಸು ತಿಂಗಳುಗಟ್ಟಲೆ ಉಳಿಯುತ್ತದೆ.

ಹಾಗಾಗಿ ಮೂರನೇ ಸಲ ಆರಿಸಿದ್ದು ಐದು ತಿಂಗಳದ್ದನ್ನು. ಚುಚ್ಚುಮದ್ದಿನ ಖರ್ಚು ನಮ್ಮದು, ಎಲ್ಲ ಡೋಸು ಮುಗಿಯುವವರೆಗೆ ಮರಿ ನಿಮ್ಮಲ್ಲೇ ಇರಲಿ ಎಂದು ಕೊಡುವವರ ಹತ್ತಿರ ಮೊದಲೇ ಮಾತಾಡಿಕೊಂಡೆವು. ರೇಬೀಸಿನದ್ದೂ ಸೇರಿ 1,800 ಆಯಿತೆಂದು ನೆನಪು.

ಹೊಸದರ ಗೂಡು ದನದ ಹಟ್ಟಿಯ ತುದಿಯಲ್ಲಿ, ಎಂಟಡಿಗೆ ಐದಡಿ. ಮೊದಲು ಬರೀ ಅಡಿಕೆ ಮರ ಸೀಳಿದ ದಬ್ಬೆಯಿಂದ ಮಾಡಿದ್ದು, ಎರಡು ಬೆರಳು ಸಂದು. ಆ ಸಂದಿನಲ್ಲಿ ಮುಂಗಾಲು ತೂರಿಸಿದರೆ ಆಚೆಯಿಂದ ಕಚ್ಚು ಬೀಳುತ್ತದೆ. ದಬ್ಬೆಯ ಒಳಗೂ ಹೊರಗೂ ಒಂದಿಂಚಿನ ವೆಲ್ಡ್ ಮೆಶ್ (ಬೆಸೆದ ತಂತಿ ಬಲೆ) ಹೊಡೆದು, ನಡುವೆ ನಾಲ್ಕು ಬೆರಳು ಅಂತರ ಇಟ್ಟಮೇಲೆ ತೊಂದರೆ ನಿಂತಿತು. ಮೆಶ್ಶಿಗೆ 2,600. ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆಯ ತೂತುಗಳನ್ನು ಸಿಮೆಂಟು ತುಂಬಿ ಮುಚ್ಚಲೇಬೇಕು, ಎರಡು ಚೀಲ ಹಿಡಿಯಿತು, 800. ರಕ್ತ ಕುಡಿದ ಉಣ್ಣಿ ನಾಯಿಯಿಂದ ಇಳಿದು ಗೋಡೆ ಹತ್ತಿ ಅಂಥ ತೂತಿನಲ್ಲೇ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಗೆ ಎಷ್ಟು ಮದ್ದು ಹಾಕಿದರೂ ಗೋಡೆ ಬಿಟ್ಟರೆ ಉಣ್ಣಿಜ್ವರ ತಪ್ಪದು. ಬೇವಿನೆಣ್ಣೆ, ಹೊಂಗೆ ಎಣ್ಣೆ ಬೆರೆಸಿ ಹಚ್ಚಿಯೂ ನೋಡಿದೆವು. ಎರಡು ದಿನ ತಡೆಯಿತು, ಮೂರನೇ ದಿನ ಮೊದಲಿನ ಹಾಗೆಯೇ. ಇನ್ನೊಂದು ಮಾತು: ನಾಯಿಯ ಲಾಡಿಹುಳಕ್ಕೆ ಹಿಂದಿನವರು ಅಡಿಕೆ ಕೊಡುತ್ತಿದ್ದರು, ಅದರಲ್ಲಿರುವ ಅರೆಕೊಲಿನ್ ಹುಳ ಬೀಳಿಸುವುದೂ ನಿಜ. ಆದರೆ ಮದ್ದಿಗೂ ವಿಷಕ್ಕೂ ಅಂತರ ಬಹಳ ಕಡಿಮೆ, ಕೊಡಲೇಬೇಡಿ. ಅಂಗಡಿ ಮಾತ್ರೆ ಸಾಕು.

ಮೊದಲ ಏಳು ದಿನ ಮೆಶ್ಶಿಗೆ ತೆಂಗಿನ ಮಡಲು ಅಡ್ಡ. ವಾಸನೆ ಸಿಗಲಿ, ಮುಖ ಕಾಣದಿರಲಿ. ಊಟ ಅಡಿಕೆ ಹಾಳೆಯಲ್ಲಿ, ಉಂಡ ಹಾಳೆ ಒಲೆಗೆ. ಹಳೆಯದು ಮಲಗುವ ಗೋಣಿಯನ್ನು ಮೊದಲ ದಿನವೇ ಹೊಸದಕ್ಕೆ ಹಾಸಬಹುದು. ಹೊಸದರ ಗೋಣಿ ಆಚೆಗೆ ಎಂಟನೇ ದಿನದ ನಂತರ, ಅದೂ ಭೇದಿ, ಜ್ವರ ಏನೂ ಕಾಣದಿದ್ದರೆ. ಗೋಣಿ ಬದಲಿಸುವ ಮೊದಲು ಅದಕ್ಕೆ ಒಂದು ವಸ್ತು ಸವರುತ್ತೇವೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇವೆ.

ಎಂಟನೇ ದಿನ ಮಡಲು ತೆಗೆದು, ಮೆಶ್ಶಿನ ಎರಡು ಕಡೆ, ಒಂದಕ್ಕೊಂದು ಹತ್ತಡಿ ದೂರದಲ್ಲಿ ಊಟ. ಕುಚ್ಚಲಕ್ಕಿ ಅನ್ನ, ಬೇಯಿಸಿದ ಬೂತಾಯಿ ಮೀನು. ಹಳೆಯದಕ್ಕೇ ಮೊದಲು ಬಡಿಸಬೇಕು. ಒಂದೊಂದು ಊಟಕ್ಕೆ ಒಂದಡಿ ಹತ್ತಿರ. ಬಾಯಿ ಮುಚ್ಚಿ, ಬಾಲ ಸೆಟೆದು, ದಿಟ್ಟಿಸಿ ನೋಡುತ್ತಾ ಅನ್ನ ಅರ್ಧಕ್ಕೆ ಬಿಟ್ಟರೆ ಎರಡಡಿ ಹಿಂದೆ ಹೋಗಿ. ನಮಗೆ ನಾಲ್ಕಡಿಯಲ್ಲಿ ಮೂರು ದಿನ ಸಿಕ್ಕಿಹಾಕಿಕೊಂಡಿತ್ತು.

ಹದಿನೈದನೇ ದಿನ ಕೊಯ್ದ ಗದ್ದೆಗೆ. ಎರಡೂ ಕಾಲಿಡದ ಗದ್ದೆಯೇ ಆಗಬೇಕು, ಮನೆಯಂಗಳ ಬೇಡ. ಇಬ್ಬರು, ಎರಡು ಹಗ್ಗ, ಹದಿನೈದಡಿ ಅಂತರದಲ್ಲಿ ಒಂದೇ ದಿಕ್ಕಿಗೆ ಇಪ್ಪತ್ತು ನಿಮಿಷ. ಎದುರುಬದುರು ಬಿಡಬೇಡಿ. ಹಗ್ಗ ಸಡಿಲ ಇರಲಿ. ಬಿಗಿದರೆ ಎದೆ ಮೇಲಕ್ಕೆ ಬರುತ್ತದೆ, ನೋಡುವ ನಾಯಿ ಅದನ್ನು ಜಗಳಕ್ಕೆ ಕರೆದದ್ದೆಂದೇ ತಿಳಿಯುತ್ತದೆ. ಐದು ದಿನ ಹೀಗೆ. ಆರನೇ ದಿನ ಹಿಂದಿನಿಂದ ಮೂಸಲು ಬಿಟ್ಟೆವು, ಮೂರೆಣಿಸುವಷ್ಟು ಹೊತ್ತು, ಕರೆದು ಮತ್ತೆ ನಡೆಸಿದ್ದು.

ಅಂಗಳಕ್ಕೆ ಬಿಡುವಾಗ ಹೊಸದನ್ನು ಮೊದಲು ಒಳಗೆ ತಂದು, ಹಳೆಯದನ್ನು ಆಮೇಲೆ ಕರೆತನ್ನಿ. ಮೂಳೆ, ಒಣಗಲು ಹಾಕಿದ ಕೊಪ್ಪರ ಯಾವುದೂ ಅಂಗಳದಲ್ಲಿ ಇರಬಾರದು. ಒಟ್ಟಿಗೆ ಬಿಟ್ಟ ಮೇಲೆ ನಮ್ಮಲ್ಲಿ ಆದ ಒಂದೇ ಜಗಳ ಕೊಪ್ಪರದ ಒಂದು ಹೋಳಿಗಾಗಿ. ಬಿಡಿಸಲು ಕೈ ಹಾಕಬಾರದು, ಒದ್ದೆ ಗೋಣಿ ಮೇಲೆ ಎಸೆಯುವುದು; ಆಗದಿದ್ದರೆ ಇಬ್ಬರು ಒಂದೊಂದರ ಹಿಂಗಾಲು ಎತ್ತಿ ಹಿಂದಕ್ಕೆ ಎಳೆಯುವುದು.

ಖರ್ಚು, ಎರಡು ಆಪರೇಶನ್ ಸೇರಿ (ಹಳೆಯದಕ್ಕೆ 4,500, ಹೊಸದಕ್ಕೆ 5,000), 22,000 ದಾಟಿತು. ಅದರಲ್ಲಿ 7,800 ಬರೀ ತಪ್ಪಿನ ಬಾಬ್ತು. ಕೇರಳದಲ್ಲಿ 1998ರ ನಿಯಮದಂತೆ ನಾಯಿಗೆ ಪಂಚಾಯತಿನ ಲೈಸನ್ಸ್ ಬೇಕು. ಅದಕ್ಕೆ ಬೇಕಾಗುವ ರೇಬೀಸ್ ಚುಚ್ಚಿಸಿದ ಚೀಟಿಯನ್ನು ಮೃಗಾಸ್ಪತ್ರೆಯಿಂದ ಅವತ್ತೇ ಕೇಳಿ ಪಡೆದಿಟ್ಟುಕೊಳ್ಳಿ.