ಗೋಡೆಗೆ ವಯಸ್ಸು ತುಂಬುವ ಕೆಲಸ

ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಪೇಂಟಿಂಗ್ ಕಲಿತು ಮುಂಬೈಗೆ ಬಂದೆ. ಹಿಂದಿ ಸಿನಿಮಾದಲ್ಲಿ ನನಗೆ ಮೊದಲು ಸಿಕ್ಕಿದ್ದು ಆರ್ಟ್ ಅಸಿಸ್ಟೆಂಟ್ ಕೆಲಸ, ಅಂದರೆ ಸೆಟ್ ರೂಪಿಸುವ ಕಲಾ ನಿರ್ದೇಶಕರಿಗೆ ಸಹಾಯಕನ ಕೆಲಸ. ಈ ದಾರಿ ಹೊಸದೇನಲ್ಲ. ಹೆಸರಾಂತ ಕಲಾ ನಿರ್ದೇಶಕ ನಿತಿನ್ ಚಂದ್ರಕಾಂತ ದೇಸಾಯಿ ಅಂಥವರೂ ಹಿರಿಯ ಕಲಾ ನಿರ್ದೇಶಕ ನಿತೀಶ್ ರಾಯ್ ಅವರ ಕೈಕೆಳಗೆ ಪಳಗಿದವರು. ಆಮೇಲೆ 2005ರಲ್ಲಿ ಕರ್ಜತ್ ಹತ್ತಿರ ತಮ್ಮದೇ ಸ್ಟುಡಿಯೋ ಕಟ್ಟಿದರು.

ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಡ್ರಾಯಿಂಗ್ ಹಿಡಿದು ಬಡಗಿಗಳ ಜೊತೆ ನಿಲ್ಲುವುದೇ ನನ್ನ ಪಾಠವಾಗಿತ್ತು. ಮರದ ಚೌಕಟ್ಟಿಗೆ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹೊಡೆದು, ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬಳಿದರೆ ಗೋಡೆ ಸಿದ್ಧ. ಕ್ಯಾಮೆರಾ ಹಿಂದೆ ಸರಿಯಲು ಜಾಗ ಬೇಕಾದರೆ ಒಂದು ಗೋಡೆಯನ್ನೇ ಬಿಚ್ಚಿ ಪಕ್ಕಕ್ಕಿಡುತ್ತಾರೆ. ಇಷ್ಟನ್ನು ಯಾರಾದರೂ ಬೇಗ ಕಲಿಯಬಹುದು.

ಕಷ್ಟ ಇರುವುದು ಆ ಹೊಸ ಗೋಡೆಗೆ ವಯಸ್ಸು ತುಂಬುವುದರಲ್ಲಿ. ಒಂದು ಚಾಳ್, ಅಂದರೆ ಮುಂಬೈ ವಠಾರದ, ಕೋಣೆಯ ಸೆಟ್ ಅಂದುಕೊಳ್ಳಿ. ಸ್ವಿಚ್‌ಬೋರ್ಡ್ ಸುತ್ತ ಬೆರಳಿನ ಕಪ್ಪು ಇರಬೇಕು. ಮಂಚದ ಮೇಲೆ ಕೂತವರು ತಲೆ ಆನಿಸುವ ಕಡೆ ಎಣ್ಣೆ ಜಿಡ್ಡು. ದೇವರ ಪಟದ ಮೇಲೆ ದೀಪದ ಮಸಿ. ಕ್ಯಾಲೆಂಡರ್ ಸರಿಸಿದರೆ ಅದರ ಹಿಂದೆ ಗೋಡೆಯ ಮೂಲ ಬಣ್ಣ ಕಾಣಬೇಕು. ನೆಲ ಒರೆಸಿ ಒರೆಸಿ ಗೋಡೆಯ ಬುಡದಲ್ಲಿ ಒಂದು ಮಾಸಲು ಪಟ್ಟಿ ಬಿದ್ದಿರುತ್ತದೆ, ಅದೂ ಬೇಕು.

ಇದಕ್ಕೆ ಕಂದು, ಕಪ್ಪು ಬಣ್ಣವನ್ನು ನೀರಾಗಿ ಕಲಸಿ ಬಳಿಯುತ್ತೇವೆ. ಆರುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಸಂದಿಯಲ್ಲಿ ಉಳಿದದ್ದು ಕೊಳೆಯಾಗಿ ಕೂರುತ್ತದೆ. ಬಾಗಿಲ ಅಂಚನ್ನು ಕೈ ತಾಗುವ ಎತ್ತರದಲ್ಲಷ್ಟೇ ಎಮರಿ ಕಾಗದದಿಂದ ಉಜ್ಜುತ್ತೇವೆ. ಹಳೇ ಪತ್ರ, ಪರದೆಗಳಿಗೆ ಟೀ ಡಿಕಾಕ್ಷನ್ ಸಾಕು. ಸುಮ್ನೆ ಎಲ್ಲಾ ಕಡೆ ಒಂದೇ ಸಮ ಕಂದು ಸಿಂಪಡಿಸಿದರೆ ಗೋಡೆ ಕೊಳಕಾಗುತ್ತದೆ, ಹಳೆಯದಾಗುವುದಿಲ್ಲ. ಆ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರ ಕೈ ಎಲ್ಲಿಗೆ ಹೋಗುತ್ತದೆ ಅನ್ನೋದು ಗೊತ್ತಿರಬೇಕು ಅಲ್ವಾ? ಹಾಗಾಗಿ ನಾನು ಸ್ಕ್ರಿಪ್ಟ್ ಓದುವಾಗ ಸಂಭಾಷಣೆಗಿಂತ ಜಾಸ್ತಿ ಗಮನ ಕೊಡುವುದು ಪಾತ್ರಗಳ ದಿನಚರಿಗೆ.

ಸಾಮಾನು ಹುಡುಕಲು ಚೋರ್ ಬಜಾರಿನ ಮಟನ್ ಸ್ಟ್ರೀಟ್ ಇದೆ. ಹಳೇ ರೇಡಿಯೊ, ಗಡಿಯಾರ, ದೀಪ ಎಲ್ಲವೂ ಅಲ್ಲಿ ಸಿಗುತ್ತವೆ. ಆದರೆ ಕಥೆ ನಡೆಯುವ ವರ್ಷಕ್ಕಿಂತ ಹಳೆಯ ವಸ್ತುಗಳೂ ಮನೆಯಲ್ಲಿರಲಿ. ಯಾರ ಮನೆಯಲ್ಲೂ ಎಲ್ಲಾ ಸಾಮಾನು ಒಂದೇ ವರ್ಷ ಕೊಂಡದ್ದಾಗಿರುವುದಿಲ್ಲ.

ಈಗ ಬರುವ ಹುಡುಗ ಹುಡುಗಿಯರು ಕಂಪ್ಯೂಟರಿನಲ್ಲಿ ಸೆಟ್ಟನ್ನು ಬಹಳ ಚೆನ್ನಾಗಿ ಬಿಡಿಸುತ್ತಾರೆ. ನಾನು ಅವರಿಗೆ ಮೊದಲು ಹೇಳುವ ಕೆಲಸ: ನಿಮ್ಮ ಅಜ್ಜಿ ಮನೆಯ ಅಡುಗೆಕೋಣೆಯ ಗೋಡೆಯನ್ನು, ಕಲೆಗಳ ಸಮೇತ, ಪೆನ್ಸಿಲಿನಲ್ಲಿ ಬಿಡಿಸಿ ತನ್ನಿ.