ಸರ್ಕಾರಿ ಶಾಲೆಯಲ್ಲಿ ವಿಶೇಷ ಶಿಕ್ಷಕರ ನೆರವು ಬೇಕಾ? ಬರೆದು ಕೊಡಿ
ಮಗುವಿಗೆ ಕಲಿಕೆಯಲ್ಲಿ ಏನೋ ತೊಂದರೆ ಇದೆ ಅನ್ನಿಸಿದರೆ ಹೆಡ್ ಮಾಸ್ತರಿಗೆ ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ, ಒಂದು ಹಾಳೆಯಲ್ಲಿ ಬರೆದು ತಾರೀಕು ಹಾಕಿ ಕೊಡಿ, ಇನ್ನೊಂದು ಪ್ರತಿಯನ್ನು ತಾಲೂಕಿನ ಬಿಆರ್‌ಸಿಗೆ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಜೊತೆಗೆ ನೋಟ್‌ಬುಕ್ಕಿನ ಎರಡು ಪುಟದ ಝೆರಾಕ್ಸ್ ಇರಲಿ. ‘ಅಕ್ಕ’ ಬರೆಯಲು ಹೋಗಿ ‘ಅಕ’ ಆದದ್ದು, ‘ಸರ’ ಇದ್ದದ್ದು ‘ರಸ’ ಆದದ್ದು, ಅಂಥ ಪುಟಗಳು. ಚೆಂದದ ಪುಟ ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಬಿಐಇಆರ್‌ಟಿ ಅಂತ ಕರೆಯುವ ವಿಶೇಷ ಶಿಕ್ಷಕರು ಕೆಲಸ ಮಾಡುವುದು ಬಿಆರ್‌ಸಿಯಿಂದ, ಒಬ್ಬರಿಗೇ ಹತ್ತಾರು ಶಾಲೆ, ಬಾಯಿಮಾತು ಅವರ ತನಕ ಹೋಗುವುದೇ ಕಷ್ಟ. ಶಾಲೆಯವರು ‘ಮೊದಲು ಅಂಗವಿಕಲರ ಕಾರ್ಡ್ ತನ್ನಿ’ ಅಂದರೆ ಹೆದರಬೇಡಿ. ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ಪ್ರಕಾರ ಶಾಲೆಯದ್ದೇ ಕೆಲಸ, ಅದಕ್ಕೆ ಶೇ. 40ರ ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ಮೀಸಲಾತಿಯಂಥ ಸೌಲಭ್ಯಕ್ಕೆ ಈ ಅರ್ಜಿ ಸಾಲದು, ಅಲ್ಲಿ ಶೇ. 40 ಇರಲೇಬೇಕು, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಚೀಟಿಗೆ ಆನ್‌ಲೈನ್ ಅರ್ಜಿ ಹಾಕಿ ಆಸ್ಪತ್ರೆಯಲ್ಲಿ ತೋರಿಸಬೇಕು. ಶಿರಸಿ ಕಡೆಯವರು ಕಾರವಾರಕ್ಕೆ ಹೋಗುವುದಾದರೆ ಘಟ್ಟ ಇಳಿಯುವ ಮುಂಚೆ ಡಾಕ್ಟರು ಯಾವ ದಿನ ನೋಡುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಅನುದಾನವಿಲ್ಲದ ಖಾಸಗಿ ಶಾಲೆಯಾದರೆ ಬಿಆರ್‌ಸಿ ದಾರಿ ಜಾಸ್ತಿ ನಡೆಯಲ್ಲ.